ಆರ್ಜೂಳ ಜಡೆಗೆ ಹಲಸಿನ ಮೇಣ

"ಅಲುಗಬೇಡ ಯಾರ್! ಅಲುಗಿದ್ರೆ ಇನ್ನೂ ಅಂಟ್ತದೆ," ಎಂದಳು ಯಕ್ಷಿತಾ.

"ನಾ ಎಲ್ಲಿ ಅಲುಗಾಕತ್ತೀನಿ? ನೀನ ಜಗ್ಗಾಕತ್ತಿ!" ನಲ್ಲಿಯ ಕೆಳಗೆ ತಲೆ ಬಗ್ಗಿಸಿದ್ದ ಆರ್ಜೂ ಅಳುವ ಹಾಗಿದ್ದಳು.

ತಪ್ಪು ಯಕ್ಷಿತಾಳದೇ. ಬೆಳಿಗ್ಗೆ ಉಡುಪಿಯ ಬಸ್ಸಿನಲ್ಲಿ ಅಜ್ಜಿ ಕಳಿಸಿದ ಹಲಸಿನ ಹಣ್ಣು ಬಂದಿತ್ತು. "ನಾನು ಬರುವವರೆಗೆ ಮುಟ್ಬೇಡ," ಎಂದು ಅಮ್ಮ ತರಕಾರಿಗೆಂದು ಸಯನ್ ಮಾರ್ಕೆಟ್ಟಿಗೆ ಹೋಗಿದ್ದಳು. ಪರಿಮಳ ಪ್ಯಾಸೇಜ್ ತುಂಬ ಹರಡಿತು. ಎದುರು ಮನೆಯ ಆರ್ಜೂ ಮೂಗು ಅರಳಿಸುತ್ತ ಬಂದೇಬಿಟ್ಟಳು. ಇಬ್ಬರಿಗೂ ಕಾಯಲು ಆಗಲಿಲ್ಲ.

ಯಕ್ಷಿತಾ ಹಣ್ಣು ಕೊಯ್ದಳು. ಬಿಳಿ ಮೇಣ ಕೈಗೆಲ್ಲ ಮೆತ್ತಿತು. ಬಗ್ಗಿ ನೋಡುತ್ತಿದ್ದ ಆರ್ಜೂಳ ಜಡೆ ಮುಂದಕ್ಕೆ ಜಾರಿತು. ಹಣ್ಣಿಗೆ ತಾಗದಿರಲಿ ಎಂದು ಯಕ್ಷಿತಾ ಅದನ್ನು ಅದೇ ಕೈಯಿಂದ ಹಿಡಿದಳು, ಭುಜದ ಹತ್ತಿರವೇ!

ಈಗ ಎಷ್ಟು ನೀರು ಸುರಿದರೂ ಮೇಣ ಬಿಡುತ್ತಿಲ್ಲ.

ಸದ್ದು ಕೇಳಿ ಆರ್ಜೂಳ ಅಮ್ಮಿ ಬೀಬೀಜಾನ ಹೊಲಿಗೆ ಮಷಿನ್ ನಿಲ್ಲಿಸಿ ಬಂದರು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಾಗೇ ಇತ್ತು.

"ಏನ್ ಮಾಡ್ಕೊಂಡಿ ಬೇ ಇದು! ಇದು ಹೋಗಂಗಿಲ್ಲ. ಕುತ್ತಿಗಿ ಮಟ ಕತ್ತರಸೂದ ಒಂದ ದಾರಿ."

"ಅಮ್ಮೀ, ನಕ್ಕೋ, ಬ್ಯಾಡ! ನಾಳೆ ಕ್ಲಾಸ್ ಫೋಟೋ ಐತಿ!"

ಆ ಜಡೆಯನ್ನು ಆರ್ಜೂ ಮೂರು ವರ್ಷದಿಂದ ಬೆಳೆಸಿದ್ದಳು. ಯಕ್ಷಿತಾ ತನ್ನ ಕೈ ನೋಡಿಕೊಂಡಳು. ನೀರು ಮೇಣದ ಮೇಲಿಂದ ಸುಮ್ಮನೆ ಉರುಳಿ ಹೋಗುತ್ತಿತ್ತು. ಥೇಟ್ ಎಣ್ಣೆಯ ಮೇಲಿನ ನೀರಿನ ಹಾಗೆ.

ಎಣ್ಣೆ!

ಶುಕ್ರವಾರ ಸೈನ್ಸ್ ಕ್ಲಾಸಿನಲ್ಲಿ ದಾನೇಶ್ವರಿ ಮಿಸ್, ಎಣ್ಣೆ ನೀರಿನಲ್ಲಿ ಯಾಕೆ ಬೆರೆಯುವುದಿಲ್ಲ ಎಂದು ಕೇಳಿದ್ದರು. "ಹಗುರ ಅಲ್ವಾ, ಅದಕ್ಕೆ," ಎಂದಿದ್ದಳು ಯಕ್ಷಿತಾ. "ಸ್ಯಾನಿಟೈಸರಿನ ಆಲ್ಕೊಹಾಲ್ ಕೂಡ ನೀರಿಗಿಂತ ಹಗುರ. ಅದು ಬೆರೆಯುತ್ತದಲ್ಲ?" ಎಂದಿದ್ದರು ಮಿಸ್. ಕ್ಲಾಸೆಲ್ಲ ನಕ್ಕಿತ್ತು. ಆಮೇಲೆ ಮಿಸ್ ಹೇಳಿದ್ದನ್ನು ಅವಳು ತಲೆ ತಗ್ಗಿಸಿಕೊಂಡೇ ಬರೆದಿದ್ದಳು. ನೀರಿನ ಅಣುವಿಗೆ ಒಂದು ಕಡೆ ಸ್ವಲ್ಪ ಪ್ಲಸ್ ಚಾರ್ಜ್, ಇನ್ನೊಂದು ಕಡೆ ಸ್ವಲ್ಪ ಮೈನಸ್. ಹಾಗಾಗಿ ನೀರಿನ ಅಣುಗಳು ಒಂದನ್ನೊಂದು ಎಳೆದು ಹಿಡಿಯುತ್ತವೆ. ಎಣ್ಣೆಯ ಅಣುವಿಗೆ ಅಂಥ ತುದಿಗಳಿಲ್ಲ. ನೀರಿನ ಗುಂಪಿನಲ್ಲಿ ಅದಕ್ಕೆ ಜಾಗವಿಲ್ಲ. ಅದು ತನ್ನಂಥವುಗಳ ಜೊತೆ ಸೇರುತ್ತದೆ.

ಮೇಣಕ್ಕೂ ನೀರು ಬೇಡ. ಹಾಗಾದರೆ ಅದು ಎಣ್ಣೆಯ ಗುಂಪಿನದೇ?

"ಆಂಟೀ, ಪ್ಲೀಸ್! ಐದೇ ಮಿನಿಟ್!"

ಅಡುಗೆಮನೆಗೆ ಓಡಿ ತೆಂಗಿನೆಣ್ಣೆಯ ಬಾಟ್ಲಿ ತಂದಳು. ಇನ್ನೊಮ್ಮೆ ತಪ್ಪಾಗಬಾರದು. ಮೊದಲು ತನ್ನ ಅಂಗೈಗೇ ಹಾಕಿ ಉಜ್ಜಿದಳು. ಮೇಣ ಮೆತ್ತಗಾಯಿತು, ಕರಗಿತು, ಬಟ್ಟೆಯಲ್ಲಿ ಒರೆಸಿದರೆ ಬಂದೇಬಿಟ್ಟಿತು!

"ಆರ್ಜೂ, ಬಾ!"

ಜಡೆಯನ್ನು ಎಳೆ ಎಳೆಯಾಗಿ ಬಿಡಿಸಿ ಎಣ್ಣೆ ಸವರಿದಳು. ಒರೆಸಿದಳು. ಮತ್ತೆ ಸವರಿದಳು. ಕೊನೆಯ ಗಂಟೂ ಜಾರಿ ಬಂತು.

"ಹೋತು! ಅಮ್ಮೀ, ಪೂರಾ ಹೋತು!" ಆರ್ಜೂ ಕುಣಿದಳು. ಜಡೆಯೂ ಕುಣಿಯಿತು.

"ಶಾಬಾಷ್ ಬೇಟಾ!" ಎಂದರು ಬೀಬೀಜಾನ. "ಆದ್ರ ಈ ಎಣ್ಣಿ? ಬಜ್ಜಿ ಕರದಂಗ ಆಗೇತಿ ತಲಿ!"

"ಶ್ಯಾಂಪೂ ಇದೆಯಲ್ಲ ಆಂಟಿ! ಅದರ ಅಣುವಿನ ಒಂದು ತುದಿ ಎಣ್ಣೆ ಹಿಡೀತದೆ, ಇನ್ನೊಂದು ನೀರು."

ಅಷ್ಟರಲ್ಲಿ ಅಮ್ಮ ಸೇವಂತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತರಕಾರಿ ಚೀಲ.

"ಎಂಥ ಅವಸ್ಥೆ ಮಾರಾಯ್ತಿ ಇದು! ಮೊದಲು ಕೈಗೆ, ಚೂರಿಗೆ ಎಣ್ಣೆ ಹಚ್ಚಲಿಕ್ಕಿಲ್ವಾ? ನಾನು ಪ್ರತಿ ಸಲ ಹಚ್ಚುವುದು ನೀನು ನೋಡ್ಲಿಲ್ವಾ?"

ನೋಡಿದ್ದಳು, ಎಷ್ಟೋ ಸಲ. "ಯಾಕೆ ಹಚ್ಚುದಮ್ಮ?"

"ಅದು... ನನ್ನ ಅಮ್ಮ ಹಚ್ತಿದ್ರು. ಯಾಕೆ ಅಂತ ನಾವು ಕೇಳ್ಲೇ ಇಲ್ಲ."

"ನಾನು ಹೇಳ್ತೇನೆ," ಎಂದಳು ಯಕ್ಷಿತಾ. ಈ ಸಲ ತಲೆ ತಗ್ಗಿಸಲಿಲ್ಲ.

ಕೇಳುತ್ತ ಕೇಳುತ್ತ ಬೀಬೀಜಾನ ಕತ್ತರಿ ಕೆಳಗಿಟ್ಟು, ಉಳಿದ ಹಣ್ಣು ಬಿಡಿಸಲೆಂದು ಎಣ್ಣೆಗಾಗಿ ಅಂಗೈ ಚಾಚಿದರು. ಆರ್ಜೂ ಜಡೆಯನ್ನು ಮೇಲೆತ್ತಿ ಗಟ್ಟಿಯಾಗಿ ಕಟ್ಟಿಕೊಂಡಳು.

ಯಕ್ಷಿತಾ ತನ್ನ ಎಣ್ಣೆ ಅಂಗೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಒಂದು ಹನಿ ಬಿದ್ದು ಉರುಟಾಗಿ ನಿಂತಿತು. ಅದರೊಳಗೆ ಎಷ್ಟೋ ಅಣುಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಅವಳಿಗೆ ಅವು ಕಂಡ ಹಾಗೇ ಆಯಿತು.