ಆಫ್ ಆಗಿದ್ದ ಒಂದು ಸಾಲು

ಅಕ್ಟೋಬರ್ ನಾಲ್ಕು, ಶನಿವಾರ. ಬೆಳಿಗ್ಗೆ ಎಂಟೂವರೆಗೆ ಭಟ್ಕಳದ ಠಾಣೆಗೆ ಬಂದ ಮಾಸ್ತಮ್ಮ ಮೊಗೇರ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡ ಚೌಡ ಮತ್ತು ಜೊತೆಗಾರ ಬೊಮ್ಮಯ್ಯ ಶುಕ್ರವಾರ ನಸುಕಿನಲ್ಲಿ ಪುಟ್ಟ ಪಾತಿ ದೋಣಿ ಇಳಿಸಿ ಮೀನಿಗೆ ಹೋದವರು ಇನ್ನೂ ಬಂದಿರಲಿಲ್ಲ.

"ನಿನ್ನೆ ಮೂರು ಗಂಟಿಗೆ ಫೋನ್ ಮಾಡಿದ್ರು," ಎಂದಳು. "ಮಿಷನ್ ಕೆಟ್ಟೋಯ್ತು, ಕೆಂಪು ಬಟನ್ ಒತ್ತಿದ್ದೆ, ಆಫೀಸಿಗೆ ಹೇಳು ಅಂದ್ರು. ಅಷ್ಟರಲ್ಲೇ ಕಟ್ಟಾತು."

"ಆಫೀಸಿಗೆ ಹೇಳಿದ್ರಾ?" ಪಿಎಸ್‌ಐ ಪ್ರಿಯಂವದಾ ಹೆಗಡೆ ಕೇಳಿದಳು.

"ಆಗ್ಲೇ ಹೇಳ್ದೆ. ಬಟನ್ ಒತ್ತಿದ್ದು ನಮಗೆ ಬರ್ಲಿಲ್ಲ, ದೋಣಿ ನೇತ್ರಾಣಿ ಹತ್ರ ಆರಾಮ ಇದೆ, ಹೆದರಬೇಡಿ ಅಂದ್ರು. ರಾತ್ರಿ ಕೇಳಿದ್ರೂ ಅದೇ ಮಾತು. ಅಮಾ, ನಮ್ಮನೆಯವ್ರು ಅಂಥ ವಿಷಯದಲ್ಲಿ ಸುಳ್ಳು ಹೇಳುವವ್ರಲ್ಲ."

ಆಫೀಸೆಂದರೆ ಮೀನುಗಾರರ ಸಂಘವೊಂದು ಕುಮಟಾದಲ್ಲಿ ನಡೆಸುವ ಕಡಲ ಸಂದೇಶ ಕೇಂದ್ರ. ಸಂಘದ ಪ್ರತಿ ದೋಣಿಯಲ್ಲೂ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ. ದೋಣಿ ಎಲ್ಲಿದೆ ಎಂದು ಅದು ಆಗಾಗ ಕುಮಟಾದ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಅಪಾಯ ಬಂದರೆ ಅದರ ಮೇಲಿನ ಕೆಂಪು ಬಟನ್ ಒತ್ತಬೇಕು. ರಾತ್ರಿಯೂ ದೋಣಿ ಬಾರದ್ದರಿಂದ, ಬೆಳಕು ಹರಿದಾಗಿನಿಂದ ಕರಾವಳಿ ಕಾವಲು ಪಡೆ ನೇತ್ರಾಣಿ ದ್ವೀಪದ ಸುತ್ತ ಹುಡುಕುತ್ತಲೇ ಇತ್ತು. ಏನೂ ಸಿಕ್ಕಿರಲಿಲ್ಲ.

ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಪ್ರಿಯಂವದಾ ಕಾರವಾರದ ಸೈಬರ್ ವಿಭಾಗಕ್ಕೆ ಫೋನ್ ಮಾಡಿ, ತಾಂತ್ರಿಕ ಸಿಬ್ಬಂದಿಯನ್ನು ನೇರ ಕುಮಟಾಕ್ಕೆ ಕಳಿಸಲು ಕೇಳಿಕೊಂಡಳು. ಹೆಡ್ ಕಾನ್‌ಸ್ಟೆಬಲ್ ಬೀರಪ್ಪ ಜೀಪು ಹೊರಡಿಸಿದ. ನಿಯಮದ ಪುಸ್ತಕವನ್ನು ಅರೆದು ಕುಡಿದಂತಿದ್ದ ಬೀರಪ್ಪ ಹೆದ್ದಾರಿಯಲ್ಲಿ ಯಾರು ಎಡಗಡೆಯಿಂದ ಮುಂದೆ ಹೋದರೂ ಗೊಣಗುವವನು. ಅಂದು ತಾನೇ ಎರಡು ಸಲ ಹಾಗೆ ನುಗ್ಗಿಸಿದ.

ಕೇಂದ್ರವಿದ್ದದ್ದು ಬಲೆ ಅಂಗಡಿಯೊಂದರ ಮಹಡಿಯಲ್ಲಿ. ಕಂಪ್ಯೂಟರ್ ಇಟ್ಟ ಕಬ್ಬಿಣದ ಕಪಾಟಿಗೆ ಆಯುಧ ಪೂಜೆಯ ಕುಂಕುಮ, ಬಾಡಿದ ಚೆಂಡು ಹೂವಿನ ಮಾಲೆ. ಪೂಜೆಗೆಂದು ಬುಧವಾರ ಯಂತ್ರ ಆರಿಸಿದ್ದರು. ಗುರುವಾರ ಬೆಳಿಗ್ಗೆ ಮತ್ತೆ ಹಾಕಿದ್ದರು. ಮೇಲ್ವಿಚಾರಕಿ ಮಾಲಿನಿ ಪಟಗಾರ ಪರದೆಯ ಮೇಲೆ ಚೌಡನ ದೋಣಿ ತೋರಿಸಿದಳು. ನೇತ್ರಾಣಿ ಹತ್ತಿರ ಹಸಿರು ಚುಕ್ಕೆ.

"ಇದು ಈಗಿನದಾ?"

"ಬಂದದ್ದನ್ನ ತೋರಿಸ್ತದೆ ಮೇಡಂ. ಗುರುವಾರದಿಂದ ಸ್ವಲ್ಪ ನಿಧಾನ."

"ಸ್ವಲ್ಪ ಅಂದ್ರೆ?"

ಮಾಲಿನಿ ಚುಕ್ಕೆಯ ಮೇಲೆ ಒತ್ತಿದಳು. ಪಕ್ಕದಲ್ಲಿ ಸಮಯ ತೆರೆದುಕೊಂಡಿತು. ಶುಕ್ರವಾರ ಬೆಳಿಗ್ಗೆ ಒಂಬತ್ತು. ದೋಣಿ ನಿನ್ನೆ ಬೆಳಿಗ್ಗೆ ಇದ್ದ ಜಾಗವನ್ನು ಇವತ್ತು ಹಡಗು ಕಟ್ಟಿಕೊಂಡು ಜಾಲಾಡುತ್ತಿದ್ದರು.

"ಈಗ ಎಲ್ಲಿದೆ ಅಂತ ಹೇಗೆ ತಿಳಿಯೋದು?"

"ತಿಳಿಯೂದಿಲ್ಲ ಮೇಡಂ," ಎಂದಳು ಮಾಲಿನಿ.

ಹನ್ನೊಂದೂವರೆಗೆ ಕಾರವಾರದಿಂದ ಅರ್ಚಿತಾ ಭಟ್ ಬಂದಳು. ಬ್ಯಾಗು ಕೂಡ ಇಳಿಸದೆ ಕೀಲಿಮಣೆಯ ಮುಂದೆ ಕೂತಳು. ಆ ದೊಡ್ಡ ಕಂಪ್ಯೂಟರಿನೊಳಗೆ ಮೂರು ವರ್ಚುವಲ್ ಮಷಿನ್‌ಗಳಿದ್ದವು. ಒಂದೇ ಮನೆಯಲ್ಲಿ ಮೂವರು ಬಾಡಿಗೆಗೆ ಇದ್ದ ಹಾಗೆ. ಒಂದು ದೋಣಿಗಳ ಸಂದೇಶ ನೋಡುತ್ತಿತ್ತು, ಇನ್ನೊಂದು ಮೀನಿನ ದರ, ಮತ್ತೊಂದು ಸಂಘದ ಸದಸ್ಯರ ವಿವರ.

"ಇವು ಪ್ರೊಸೆಸರ್ ಜೊತೆ ನೇರವಾಗಿ ಮಾತಾಡ್ಬೇಕು. ಅದಕ್ಕೆ ಪ್ರೊಸೆಸರಿನಲ್ಲೇ ವರ್ಚುವಲೈಸೇಶನ್ ಅಂತ ಒಂದು ಅನುಕೂಲ ಇದೆ," ಅರ್ಚಿತಾ ಹೇಳಿದಳು. "ಇಲ್ಲಿ ಅದು ಆಫ್ ಆಗಿದೆ. ಹಾಗಾಗಿ ಪ್ರತಿ ಮಾತಿಗೂ ನಡುವೆ ಒಬ್ಬ ದುಭಾಷಿ ನಿಂತಂಗೆ ಆಗಿದೆ. ಹತ್ತಿಪ್ಪತ್ತು ಪಟ್ಟು ನಿಧಾನ. ಮತ್ತೆ ಈ ದೋಣಿ ಸಂದೇಶದ್ದಕ್ಕೆ ಎಂಟು ಕೋರ್ ಕೊಟ್ಟವರು ಯಾರು? ಕೋರ್ ಅಂದ್ರೆ ಪ್ರೊಸೆಸರಿನ ಕೈ ಇದ್ದಂಗೆ, ಈ ಯಂತ್ರದಲ್ಲಿ ಇರೋದೇ ನಾಲ್ಕು."

"ಹುಬ್ಬಳ್ಳಿಯ ಹೊಸ ಕಂಪನಿಯವ್ರು," ಎಂದಳು ಮಾಲಿನಿ. "ಮುಂದಿನ ತಿಂಗಳಿಂದ ನಿರ್ವಹಣೆ ಅವರದ್ದು. ನಿಧಾನ ಅಂತ ಹೇಳಿದ್ದಕ್ಕೆ, ಎರಡಿದ್ದ ಕೋರ್ ಎಂಟು ಮಾಡಿ ಅಂತ ಫೋನಲ್ಲೇ ಹೇಳಿದ್ರು. ನಿನ್ನೆ ಮಧ್ಯಾಹ್ನ ಹಾಗೆ ಮಾಡಿದ್ಮೇಲೆ ಇನ್ನೂ ನಿಧಾನ ಆಯ್ತು."

"ಆಗದೆ ಇನ್ನೇನು. ಇಲ್ಲದ ಕೋರಿಗಾಗಿ ಒಂದಕ್ಕೊಂದು ಕಾಯ್ತಾ ನಿಂತಿವೆ."

"ಚೌಡ ಬಟನ್ ಒತ್ತಿದ್ದು?" ಪ್ರಿಯಂವದಾ ಕೇಳಿದಳು.

"ಬಂದಿದೆ. ಬಂದದ್ದೆಲ್ಲ ಡಿಸ್ಕಿನ ಮೇಲೆ ಸರದಿಯಲ್ಲಿ ನಿಂತಿದೆ. ಗುಪ್ತಲಿಪಿಯಲ್ಲಿರೋದ್ರಿಂದ ನಾನು ಹಾಗೇ ಓದೋಕೆ ಬರೋದಿಲ್ಲ, ಈ ಯಂತ್ರವೇ ಬಿಡಿಸ್ಬೇಕು. ಹೀಗೇ ಬಿಟ್ಟರೆ ನಾಳೆ ಬಿಡಿಸ್ತದೆ. ಆರಿಸಿ ಆ ಸೆಟ್ಟಿಂಗ್ ಆನ್ ಮಾಡಿದ್ರೆ ಅರ್ಧ ಗಂಟೆ."

ಬೀರಪ್ಪ ಗಂಟಲು ಸರಿಮಾಡಿಕೊಂಡ. "ಮೇಡಂ, ಇದು ಸಾಕ್ಷ್ಯ. ಮೊದಲು ಡಿಸ್ಕಿನ ಪ್ರತಿ ತೆಗೀಬೇಕು, ಸೀಲ್ ಮಾಡ್ಬೇಕು. ಮುಟ್ಟಿದ್ರೆ ಕೋರ್ಟಿನಲ್ಲಿ ನಿಲ್ಲೂದಿಲ್ಲ."

"ಪ್ರತಿ ತೆಗೆಯೋಕೆ ಎಷ್ಟು ಹೊತ್ತು?"

"ಮೂರು ತಾಸು," ಎಂದಳು ಅರ್ಚಿತಾ.

ಬೀರಪ್ಪ ಹೇಳಿದ್ದು ಸರಿಯೇ ಇತ್ತು. ಪ್ರಿಯಂವದಾಗೆ ಕಷ್ಟವಾದದ್ದೂ ಅದಕ್ಕೇ. ಸಾಕ್ಷ್ಯ ಕೆಡಿಸಿದ ಪಿಎಸ್‌ಐ ಎಂಬ ಹೆಸರು ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಆದರೆ ಮೂರು ತಾಸಿನಲ್ಲಿ ಕಡಲಲ್ಲಿ ಏನೇನು ಆಗಬಹುದೆಂದು ಕರಾವಳಿಯಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಕೆಳಗಿನ ಅಂಗಡಿಯಿಂದ ಇಬ್ಬರು ಪಂಚರನ್ನು ಕರೀರಿ. ಎಲ್ಲ ವಿಡಿಯೋ ಆಗ್ಲಿ, ಪಂಚನಾಮೆ ಬರೀರಿ. ಕೋರ್ಟಿನಲ್ಲಿ ಕೇಳಿದ್ರೆ ನಾನು ಉತ್ತರ ಕೊಡ್ತೇನೆ."

ಪಂಚರ ಎದುರು ಅರ್ಚಿತಾ ಯಂತ್ರ ಆರಿಸಿ ಹಾಕಿದಳು. ಸೆಟ್ಟಿಂಗ್‌ಗಳ ಪರದೆ ತೆರೆಯುವ ಮೊದಲೇ ಪಾಸ್‌ವರ್ಡ್ ಕೇಳಿತು. ಅವಳು ಕೈ ಹಿಂದೆ ತೆಗೆದಳು.

"ಪೂಜೆಗೆ ಆರಿಸಿದಾಗ ಒಳಗಿನ ಬ್ಯಾಟರಿ ಸತ್ತು, ಸೆಟ್ಟಿಂಗ್ ತಾನಾಗೇ ಅಳಿಸಿಹೋಗಿರಬೇಕು ಅಂದ್ಕೊಂಡಿದ್ದೆ," ಎಂದವಳು, ಪ್ರಿಯಂವದಾಳ ಕಡೆ ತಿರುಗಿ ಇಬ್ಬರ ಮನೆಮಾತಾದ ಹವ್ಯಕ ಕನ್ನಡಕ್ಕೆ ಜಾರಿದಳು. "ಬ್ಯಾಟರಿ ಸರಿ ಇದ್ದು ಅಕ್ಕಾ. ಸತ್ತಿದ್ರೆ ಪಾಸ್‌ವರ್ಡೂ ಹೋಗ್ತಿತ್ತು. ಇದು ತಾನಾಗಿ ಆಗಿದ್ದಲ್ಲ."

ಪಾಸ್‌ವರ್ಡ್ ಗೊತ್ತಿದ್ದ ಯಾರೋ ಆ ಒಂದೇ ಸಾಲನ್ನು ಆಫ್ ಮಾಡಿದ್ದರು.

"ಯಾರಿಗೆ ಗೊತ್ತಿತ್ತು?"

"ಸಂಜಯಣ್ಣಂಗೆ," ಎಂದಳು ಮಾಲಿನಿ. "ಸಂಜಯ ಮೇಸ್ತ. ಹೊನ್ನಾವರದ ಕಾಸರಕೋಡಿನವ್ರು. ಶುರುವಿನಿಂದ ಈ ಯಂತ್ರ ನೋಡ್ಕೊಂಡವ್ರು ಅವ್ರೇ. ಗುರುವಾರ ಬೆಳಿಗ್ಗೆ ಹಾಕಿ ಕೊಟ್ಟದ್ದೂ ಅವ್ರೇ."

"ನಿಧಾನ ಆಗಿದ್ದಕ್ಕೆ ಅವರಿಗೆ ಫೋನ್ ಮಾಡ್ಲಿಲ್ವಾ?"

"ಹೆಂಗೆ ಮಾಡೂದು ಮೇಡಂ? ಗುರುವಾರ ಮಧ್ಯಾಹ್ನವೇ ಅವ್ರ ದೊಡ್ಡಪ್ಪ ತೀರ್ಕೊಂಡ್ರು. ಸೂತಕ. ಪೂಜೆ ಮಾಡಿಟ್ಟ ಕೋಣೆ ಇದು, ಅವ್ರು ಬರೂ ಹಾಗಿಲ್ಲ. ಸಾವಿನ ಮನೆಗೆ ಫೋನ್ ಮಾಡಿ ಕಂಪ್ಯೂಟರ್ ಕೆಟ್ಟಿದೆ ಅನ್ನೂದು ಚೆನ್ನಾಗಿರ್ತದಾ?"

ಪ್ರಿಯಂವದಾ ಕೇಂದ್ರದ ಫೋನಿನಿಂದಲೇ ಕರೆ ಮಾಡಿ ಸ್ಪೀಕರ್ ಹಾಕಿದಳು. ಪೂರ್ತಿ ಒಂದು ರಿಂಗು ಕೂಡ ಆಗಲಿಲ್ಲ.

"ಹೇಳಿ," ಎಂದಿತು ಅತ್ತಲಿನ ದನಿ.

"ಸೆಟ್ಟಿಂಗ್ ಪಾಸ್‌ವರ್ಡ್ ಬೇಕಿತ್ತು."

"ಬರ್ಕೊಳ್ಳಿ." ಅಕ್ಷರ ಅಕ್ಷರವಾಗಿ ಹೇಳಿದ. "ಒಳಗೆ ಹೋದ್ಮೇಲೆ ಅಡ್ವಾನ್ಸ್ಡ್ ಅಂತಿದೆ. ಅದ್ರಲ್ಲಿ ಮೂರನೇ ಸಾಲು. ವರ್ಚುವಲೈಸೇಶನ್ ಆಫ್ ಇರ್ತದೆ, ಆನ್ ಮಾಡಿ ಸೇವ್ ಮಾಡಿ. ಆತು, ಅಷ್ಟೇ. ಹತ್ತು ನಿಮಿಷದ ಕೆಲ್ಸ. ಮಾಲಿನಿ ಮೊನ್ನೆನೇ ಫೋನ್ ಮಾಡ್ಬಹುದಿತ್ತು." ಮತ್ತೆ ಕೇಳಿದ, "ನೀವು ಹುಬ್ಬಳ್ಳಿಯವ್ರಾ?"

ಏನು ಕೆಟ್ಟಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬೀರಪ್ಪ ಬರೆಯುವುದನ್ನು ನಿಲ್ಲಿಸಿ ಫೋನನ್ನೇ ನೋಡಿದ.

"ಭಟ್ಕಳ ಪಿಎಸ್‌ಐ ಮಾತಾಡೋದು."

"ಪೊಲೀಸ್ ಎಂತಕ್ಕೆ?"

"ನಿನ್ನೆಯಿಂದ ಒಂದು ದೋಣಿ ಕಾಣ್ತಿಲ್ಲ. ಮನೆಯಲ್ಲೇ ಇರಿ."

ಹಿನ್ನೆಲೆಯಲ್ಲಿ ಹೆಂಗಸರು ಕೊಂಕಣಿಯಲ್ಲಿ ಮಾತಾಡುವುದು ಕೇಳುತ್ತಿತ್ತು. ಕರೆ ಮುಗಿಸಿ ಪ್ರಿಯಂವದಾ ಹೊನ್ನಾವರ ಠಾಣೆಗೆ ಹೇಳಿ ಆ ಮನೆಯ ಮುಂದೆ ಒಬ್ಬರನ್ನು ನಿಲ್ಲಿಸಿದಳು.

ಅರ್ಚಿತಾ ಮೂರನೇ ಸಾಲು ಆನ್ ಮಾಡಿದಳು, ಕೋರ್‌ಗಳನ್ನು ಎರಡಕ್ಕೆ ಇಳಿಸಿದಳು. ಯಂತ್ರ ಎದ್ದಿತು. ಎರಡು ದಿನ ತೆವಳುತ್ತಿದ್ದ ಪರದೆಯ ಮೇಲೆ ಚುಕ್ಕೆಗಳೆಲ್ಲ ಒಮ್ಮೆಲೇ ಹೊರಟವು. ಶುಕ್ರವಾರದ ಬೆಳಿಗ್ಗೆ ಕಳೆಯಿತು, ಮಧ್ಯಾಹ್ನವಾಯಿತು. ಮೂರು ಗಂಟೆಗೆ ಸ್ವಲ್ಪ ಮೊದಲು ಚೌಡನ ದೋಣಿ ಕೆಂಪಾಯಿತು. ಸ್ವಲ್ಪ ಉತ್ತರಕ್ಕೆ ಸರಿದು ಮತ್ತೆ ಕೆಂಪು. ಸಂಜೆ ಕೆಂಪು, ರಾತ್ರಿಯಿಡೀ ಕೆಂಪು. ಒತ್ತುತ್ತಲೇ ಇದ್ದ. ಮಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ನಿಂತಿದ್ದಳು. ಕೊನೆಯ ಕೆಂಪು ಬಂದು ನಿಂತದ್ದು ಹೊನ್ನಾವರಕ್ಕೆ ನೇರ, ಅಪ್ಸರಕೊಂಡದ ತೀರದಿಂದ ಬಹಳ ಹೊರಗೆ, ಆಳ ಕಡಲಲ್ಲಿ. ಸಮಯ ಶನಿವಾರ ಹನ್ನೊಂದು ನಲವತ್ತು. ಈ ಕೋಣೆಯಲ್ಲಿ ಡಿಸ್ಕಿನ ಪ್ರತಿ ತೆಗೆಯಬೇಕೋ ಬೇಡವೋ ಎಂದು ಇವರು ಚರ್ಚಿಸುತ್ತಿದ್ದ ಹೊತ್ತು.

"ಬದುಕಿದ್ದಾರೆ," ಎಂದ ಬೀರಪ್ಪ.

ಪ್ರಿಯಂವದಾ ಆಗಲೇ ಫೋನಿನಲ್ಲಿ ಅಕ್ಷಾಂಶ ರೇಖಾಂಶ ಓದಿ ಹೇಳುತ್ತಿದ್ದಳು. ಹೊನ್ನಾವರ ಬಂದರಿನಿಂದ ದೋಣಿಗಳು ಹೊರಟವು. ಮಾಸ್ತಮ್ಮನನ್ನು ಅಲ್ಲಿಗೇ ಕರೆತರಲು ಠಾಣೆಗೆ ತಿಳಿಸಿ, ಇವರೂ ಬಂದರಿಗೆ ಹೋದರು.

ಮೂರು ಗಂಟೆಗೆ ದೋಣಿ ಎಳೆದು ತಂದರು. ಬೊಮ್ಮಯ್ಯನಿಗೆ ಜೀವವಿತ್ತು. ಚೌಡನಿಗೆ ಇರಲಿಲ್ಲ. ರಾತ್ರಿ ಕೆಟ್ಟ ಎಂಜಿನ್ ಎತ್ತಲು ಹೋದಾಗ ಅದರ ಪಂಕದ ಅಲಗು ಅವನ ತೊಡೆಯನ್ನು ಸೀಳಿತ್ತು. ಲುಂಗಿ ಕಟ್ಟಿದರೂ ರಕ್ತ ನಿಂತಿರಲಿಲ್ಲ.

"ಬಟನ್ ನಾನು ಒತ್ತುತ್ತೆ ಕೊಡು ಅಂದ್ರೂ ಕೊಡ್ಲಿಲ್ಲ," ಬೊಮ್ಮಯ್ಯ ಹೇಳಿದ. "ಬತ್ರು, ಈಗ ಬತ್ರು ಅಂತಿದ್ದ. ಸೂರ್ಯ ನೆತ್ತಿಗೆ ಬಂದಾಗ ಮಾತು ನಿಲ್ತು."

ಮಾಸ್ತಮ್ಮ ಅಳಲಿಲ್ಲ. ಗಂಡನ ಹಣೆಯ ಮೇಲಿನ ಉಪ್ಪನ್ನು ಕೈಯಿಂದ ಒರೆಸಿದಳು. ನಂತರ ಪ್ರಿಯಂವದಾಳ ಕಡೆ ತಿರುಗಿ, "ನಿನ್ನೆ ಸಂಜಿಗೇ ಹೋಗಿದ್ರೆ ಸಿಗ್ತಿದ್ರಲ್ದಾ?" ಎಂದು ಕೇಳಿದಳು.

"ಸಿಗ್ತಿದ್ರು," ಎಂದಳು ಪ್ರಿಯಂವದಾ. ಬೇರೆ ಉತ್ತರ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಸಂಜೆ ಐದಕ್ಕೆ ಕಾಸರಕೋಡಿನಲ್ಲಿ ಸಂಜಯ ಮೇಸ್ತನ ಬಂಧನವಾಯಿತು. ಅಂಗಳದ ಶಾಮಿಯಾನದ ಕೆಳಗೆ ಕುಳಿತಿದ್ದ. ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಆಸಾಮಿ. ಸುದ್ದಿ ಅವನಿಗೂ ಮುಟ್ಟಿತ್ತು. ಅವನ ತಂದೆಯೂ ಮೀನು ಹಿಡಿದೇ ಮಕ್ಕಳನ್ನು ಸಾಕಿದವನು. ಯಾರೂ ಒತ್ತಾಯಿಸದೆ ಹೇಳಿದ.

"ಗುರುವಾರ ಬೆಳಿಗ್ಗೆ ನಾನೇ ಆಫ್ ಮಾಡ್ದೆ. ಹುಬ್ಬಳ್ಳಿಯವ್ರ ಕೈಲಿ ಆಗೂದಿಲ್ಲ, ಎರಡು ತಾಸಿನಲ್ಲಿ ನಂಗೇ ಫೋನ್ ಬರ್ತದೆ ಅಂದ್ಕೊಂಡೆ. ಇಷ್ಟು ವರ್ಷ ಮಳೆ ಇರ್ಲಿ, ಹಬ್ಬ ಇರ್ಲಿ, ಎಂತ ಆದ್ರೂ ಸಂಜಯಣ್ಣ ಬರ್ಬೇಕು ಅಂತಿದ್ರು. ಇನ್ನು ಬೇಡ ಅನ್ನೂದನ್ನ ಒಂದು ಮೆಸೇಜಿನಲ್ಲಿ ಹೇಳಿದ್ರು."

"ಹಣದ ವಿಷಯವಾ?"

"ಅಲ್ಲ ಮೇಡಂ. ಕೆಲ್ಸ ಬೇರೆ ಸಿಗ್ತದೆ."

"ಫೋನ್ ಬರ್ಲಿಲ್ಲ. ನೀವೇ ಹೋಗಿ ಸರಿಮಾಡ್ಬಹುದಿತ್ತು."

"ಸೂತಕದಲ್ಲಿ ಹೋಗೂ ಹಾಗಿರ್ಲಿಲ್ಲ. ಕರೀದೆ ಹೋದ್ರೆ ಗೊತ್ತೂ ಆಗ್ತಿತ್ತು. ಅವ್ರು ಒಂದು ಸಲ ಕರೀಲಿ ಅಂತ ಇದ್ದೆ." ಅವನು ತಲೆ ತಗ್ಗಿಸಿದ. "ಸಾವಿನ ಮನೆ ಅಂತ ಕರೀಲಿಲ್ಲ ಅನ್ನೂದು ನಂಗೆ ಗೊತ್ತಾಗ್ಲಿಲ್ಲ. ನನ್ನ ಮರೆತೇ ಬಿಟ್ರು ಅಂದ್ಕೊಂಡೆ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ ಜೊತೆಗೆ, ಸಾವಿಗೆ ಕಾರಣನಾದ ಆರೋಪದ ಕಲಮನ್ನೂ ಎಫ್‌ಐಆರ್‌ಗೆ ಸೇರಿಸಲು ನ್ಯಾಯಾಲಯಕ್ಕೆ ಕೋರಿಕೆ ಹೋಯಿತು. ಜಪ್ತಿ ಪಂಚನಾಮೆಗೆಂದು ಬೀರಪ್ಪ ಅವನ ಮೊಬೈಲ್ ತೆಗೆದು ನೋಡಿದ. ಗುರುವಾರ, ಶುಕ್ರವಾರ ಅದಕ್ಕೆ ಬಂದಿದ್ದ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ನಂಬರಿನವು. ಯಾವುದನ್ನೂ ಅವನು ಎತ್ತಿರಲಿಲ್ಲ.

"ಇದು ಯಾರ ನಂಬರು?"

ಬಾಗಿಲಲ್ಲಿ ನಿಂತಿದ್ದ ಸಂಜಯನ ಹೆಂಡತಿ ಉಮಾ ಹೇಳಿದಳು. "ನಂದೇ ಸರ್. ನಾನು ಒಳಗೆ ಅಡಿಗೆಮನೇಲಿ ಇದ್ದೆ. ಅವ್ರು ತಾಸಿಗೊಂದ್ಸಲ ಬಂದು, 'ನನ್ನ ನಂಬರಿಗೆ ಒಮ್ಮೆ ರಿಂಗ್ ಮಾಡು, ಫೋನ್ ಸರಿ ಇದ್ಯಾ ನೋಡ್ತೆ' ಅಂತಿದ್ರು."

ಬೀರಪ್ಪ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ತೆಗೆದುಕೊಂಡ.