ಬೀಡಿ ಬಿಟ್ಟವನು, ಬೈಯಲು ಬಂದವಳು

ಮೊದಲೇ ಕ್ಷಮಿಸಿಬಿಡಿ. ಹುಣ್ಣು, ಕೀವು, ಬ್ಯಾಂಡೇಜುಗಳ ನಡುವೆ ಹುಟ್ಟಿದ್ದನ್ನು ಪ್ರೀತಿ ಎಂದು ಹೇಳಲು ಹೊರಟಿದ್ದೇನೆ. ಸರಿಯಾಗಿ ಹೇಳಬಲ್ಲೆನೋ ಇಲ್ಲವೋ, ಅದೂ ಗೊತ್ತಿಲ್ಲ. ಊಟ ಮಾಡುತ್ತಾ ಓದುವವರು ತಟ್ಟೆ ಖಾಲಿ ಮಾಡಿಕೊಂಡೇ ಬನ್ನಿ.

"ರೀ! ಅದನ್ನ ಯಾಕ್ರೀ ಎಸೆದ್ರಿ?"

ಡ್ರೆಸ್ಸಿಂಗ್ ರೂಮಿನ ಹೊರಗೆ ಕೂತಿದ್ದವರೆಲ್ಲ ಬೆಚ್ಚಿ ತಿರುಗಿದರು. ದೇವನಹಳ್ಳಿ ರಸ್ತೆಯ ಆ ಆಸ್ಪತ್ರೆಗೆ ಬರುವವರೆಲ್ಲ ರಕ್ತನಾಳದ ರೋಗಿಗಳೇ. ಊದಿದ ಕಾಲು, ಗಂಟುಗಟ್ಟಿದ ನರ, ವಾಸಿಯಾಗದ ಹುಣ್ಣು. ಅವರಿಗೆ ನೋವು ಹೊಸದಲ್ಲ. ಆದರೆ ಇಂಥ ಜಗಳ ಹೊಸದು!

ನರ್ಸ್ ರಂಜಿತ ತಣ್ಣಗೆ ಕೈ ತೊಳೆದುಕೊಂಡಳು. ಬೀಡಿ ಕಟ್ಟು ಆಗಲೇ ಕಸದ ಬುಟ್ಟಿ ಸೇರಿತ್ತು.

"ಕಾಲಿನ ಕಿರುಬೆರಳು ಹೋದ ವರ್ಷವೇ ಹೋಯ್ತು. ಈಗ ಹೆಬ್ಬೆರಳು ಕಪ್ಪಾಗಿದೆ. ಇನ್ನೂ ಜೇಬಲ್ಲಿ ಬೀಡಿ ಇಟ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ?"

"ಕಾಲು ನಂದು, ಬೀಡಿ ನಂದು. ನಿಮಗ್ಯಾಕೆ ಉರಿ?"

"ಆ ಕಾಲಿನ ವಾಸನೆ ಸಹಿಸೋಳು ನಾನಲ್ವಾ, ಅದಕ್ಕೆ!"

ಅವನ ಮುಖ ಕೆಂಪಾಯಿತು. ಹೆಸರು ಮುನಿರಾಜ್, ಊರು ಆವತಿ. ನೆಲಮಂಗಲದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಬಲಗಾಲು ಹೋದರೆ ಪೆಡಲೂ ಇಲ್ಲ, ಕೆಲಸವೂ ಇಲ್ಲ.

ಡಾಕ್ಟರ್ ಭಾನುಪ್ರಕಾಶ್ ಅವನಿಗೆ ಒಂದೇ ಮಾತು ಹೇಳಿದ್ದರು. "ಬೀಡಿಯಿಂದ ನಿನ್ನ ಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ತಿವೆ. ಬಿಟ್ರೆ ಡ್ರಿಪ್ ಹಾಕಿ ಉಳಿಸೋಕೆ ನೋಡ್ತೀನಿ. ಬಿಡದಿದ್ರೆ ಕತ್ತರಿಸೋದೊಂದೇ ದಾರಿ. ಉಳಿದಿದ್ದೆಲ್ಲ ಸಿಸ್ಟರ್ ಹೇಳ್ತಾರೆ."

ಸಿಸ್ಟರ್ ಹೇಳಿದಳು. ಬೈದೇ ಹೇಳಿದಳು. ವಾರಕ್ಕೆರಡು ಸಲ ಬ್ಯಾಂಡೇಜು ಬಿಚ್ಚುವಾಗಲೂ, ಕಟ್ಟುವಾಗಲೂ...

"ಬಂದ್ರಪ್ಪಾ ಬೀಡಿ ಸಾಹುಕಾರ್ರು!"

"ಬಂದ್ವಿ ಇನ್‌ಸ್ಪೆಕ್ಟರಮ್ಮ. ಜೇಬು ಚೆಕ್ ಮಾಡ್ತೀರೋ, ಅರೆಸ್ಟ್ ಮಾಡ್ತೀರೋ?"

ಜೊತೆಯ ನರ್ಸ್ ಅಕ್ಷತ ಒಮ್ಮೆ ಕಿವಿಯಲ್ಲಿ ಉಸುರಿದಳು. "ನೀನು ರಜ ಅಂದ್ರೆ ಡ್ರೆಸ್ಸಿಂಗೇ ಬೇಡ ಅಂತ ವಾಪಸ್ ಹೋಗ್ತಾನೆ ಕಣೇ. ನಿನ್ನ ಕೈಲಿ ಬೈಸ್ಕೊಳ್ಳೋಕೇ ಬರೋದು!"

"ಮುಚ್ಚೇ ಬಾಯಿ!" ಎಂದಳು ರಂಜಿತ. ಆದರೆ ಆ ದಿನ ಎರಡು ಸಲ ಕನ್ನಡಿ ನೋಡಿಕೊಂಡಳು. ತನ್ನ ಮೇಲೇ ಕೋಪ ಬಂತು.

ಒಂದು ದಿನ ಅವನು ಜಗಳವಾಡಲಿಲ್ಲ. ಮಂಚದ ಮೇಲೆ ಕೂತು, ನೆಲ ನೋಡುತ್ತಾ ಹೇಳಿದ.

"ಬೀಡಿ ಬಿಟ್ಟೆ."

ಅವಳು ಬಗ್ಗಿ ಮೂಸಿದಳು. ಅಂಗಿಯಲ್ಲಿ ಸೋಪಿನ ವಾಸನೆ ಮಾತ್ರ. ಎದೆಯಲ್ಲೇನೋ ಸಡಿಲವಾಯಿತು... 'ಇವನನ್ನು ನಂಬಲೇ?'

ನಂಬಿದಳು. ತಾನೇ ಡಾಕ್ಟರ ಬಳಿ ಹೋಗಿ ಅವನ ಪರವಾಗಿ ಮಾತಾಡಿದಳು. ಡ್ರಿಪ್ ಹಾಕಲು ದಿನ ನಿಗದಿಯಾಯಿತು. ಅದಕ್ಕೆ ಮೊದಲು ಮೂತ್ರದಲ್ಲಿ ತಂಬಾಕಿನ ಅಂಶ ಇದೆಯೇ ಎಂದು ನೋಡುವುದು ಅಲ್ಲಿಯ ಕ್ರಮ.

ಇತ್ತು. ಸ್ವಲ್ಪವಲ್ಲ, ತುಂಬಾ ಇತ್ತು!

ರಂಜಿತ ವರದಿ ಕೈಯಲ್ಲಿ ಹಿಡಿದೇ ಎದ್ದಳು. ನೇರ ಹಾಲ್‌ಗೆ ಬಂದು, ಎಲ್ಲರೆದುರೇ ಕೂಗಿದಳು.

"ಸುಳ್ಳ! ನಿಮ್ಮಂಥೋರಿಗೆ ಕಾಲಲ್ಲ, ಮೊದಲು ನಾಲಿಗೆ ಕತ್ತರಿಸಬೇಕು!"

"ಏನ್ರೀ... ಬೀಡಿ ಮುಟ್ಟಿಲ್ಲ ಕಣ್ರೀ. ನಮ್ಮವ್ವನ ಆಣೆಗೂ."

"ತಾಯಿ ಮೇಲೆ ಸುಳ್ಳಾಣೆ ಬೇರೆ! ಥೂ!"

ಅವನು ಎದ್ದ. ಕುಂಟುತ್ತಾ ಹೊರಗೆ ಹೋದ. ಡಾಕ್ಟರು ಡ್ರಿಪ್ ರದ್ದು ಮಾಡಿದರು. ಆಮೇಲೆ ಅವನು ಡ್ರೆಸ್ಸಿಂಗಿಗೂ ಬರಲಿಲ್ಲ.

'ಸುಳ್ಳ ಅವನು. ಕೊಳೆಯಲಿ!' ಎಂದುಕೊಂಡಳು. ಆದರೂ ಡ್ರೆಸ್ಸಿಂಗ್ ರೂಮಿನ ಬಾಗಿಲ ಕಡೆ ನೋಡುತ್ತಲೇ ಇದ್ದಳು. ಈ ಹೊತ್ತಿಗೆ ಹೆಬ್ಬೆರಳು ಏನಾಗಿರಬಹುದೋ...

ರಜೆಯ ದಿನ ಆಸ್ಪತ್ರೆ ಚೀಟಿಯ ವಿಳಾಸ ಹಿಡಿದು, ಸ್ಕೂಟಿ ಹತ್ತಿ ಆವತಿಗೆ ಹೋದಳು. ಬೈಯುವುದಕ್ಕೇ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ದ್ರಾಕ್ಷಿ ತೋಟದ ಪಕ್ಕದ ಶೀಟಿನ ಮನೆ. ಮುನಿರಾಜ್ ಹೊರಗೇ ಕೂತಿದ್ದ. ಬ್ಯಾಂಡೇಜು ಕೊಳೆಯಾಗಿತ್ತು.

"ಯಾಕ್ ಬಂದ್ರಿ? ಬೈಯೋದು ಬಾಕಿ ಐತಾ?"

"ಹೌದು! ಕಾಲು ಕೊಳೆಸ್ಕೊಂಡು ಯಾರ ಮೇಲೆ ಸೇಡು ತೀರಿಸ್ಕೊಳ್ತಿದ್ದೀರಾ?"

"ನಿಮ್ಮ ಮೇಲಂತೂ ಅಲ್ಲ. ನೀವ್ಯಾರು ನನಗೆ?"

ಆ ಮಾತು ಚುಚ್ಚಿತು. ಅಷ್ಟರಲ್ಲಿ ಅವನ ತಾಯಿ ಅಕ್ಕಯಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ಬಂದರು.

"ಬಾಮ್ಮ, ಕೂತ್ಕೋ. ಇವನು ಬೀಡಿ ಬಿಟ್ಟಾಗಿಂದ ಹಿಂಗೇ ಸಿಡುಕ್ತಾನೆ."

ಮಾತಾಡುತ್ತಲೇ ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಡಬ್ಬಿಯಿಂದ ಒಂದು ಚಿಟಿಕೆ ಪುಡಿ ಉದುರಿಸಿ ಮಗನಿಗೆ ನೀಡಿದರು. ರಂಜಿತ ಅದನ್ನು ಕೈಯಿಂದ ಕಿತ್ತುಕೊಂಡಳು.

"ಏನಮ್ಮಾ ಇದು?"

"ಕಡ್ಡಿಪುಡಿ ಕಣಮ್ಮ. ಬೀಡಿ ಇಲ್ದೆ ರಾತ್ರಿಯೆಲ್ಲ ಒದ್ದಾಡೋನು. ನಾನೇ ಇದನ್ನ ಅಭ್ಯಾಸ ಮಾಡ್ಸಿದೆ. ಹೊಗೆ ಇಲ್ಲ ಏನಿಲ್ಲ, ಇದೇನ್ ಮಾಡ್ತದೆ?"

"ಅಯ್ಯೋ... ಇದೂ ತಂಬಾಕೇ ಅಮ್ಮಾ! ರಕ್ತನಾಳಕ್ಕೆ ಅದೇ ವಿಷ!"

ಅಕ್ಕಯಮ್ಮನ ಕೈಯಿಂದ ಡಬ್ಬಿ ಜಾರಿ ಬಿತ್ತು. ಅದನ್ನೆತ್ತಲು ಬಗ್ಗಿದ ರಂಜಿತ ಅಲ್ಲೇ ಕೂತಳು. ಇಷ್ಟು ದಿನ 'ಬೀಡಿ, ಬೀಡಿ' ಎಂದು ಅರಚಿದ್ದಳು. ಬಾಯಿಗೇನು ಹಾಕುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಹೇಳಬೇಕಾದವಳು ಅವಳೇ ಆಗಿದ್ದಳು!

"ತಪ್ಪು ನಂದು... ನೀವು ಸುಳ್ಳು ಹೇಳಿರಲಿಲ್ಲ."

ಮುನಿರಾಜ್ ಕರಗಲಿಲ್ಲ.

"ಆಸ್ಪತ್ರೆಯೆಲ್ಲ ಕೇಳೋ ಹಂಗೆ ಸುಳ್ಳ ಅಂದ್ರಿ. ತಪ್ಪು ಅನ್ನೋದು ಮಾತ್ರ ಇಲ್ಲಿ, ನಮ್ಮವ್ವನ ಮುಂದೆ ಮೆಲ್ಲಗಾ?"

ಅವಳು ಕಣ್ಣೊರೆಸಿಕೊಂಡು ಎದ್ದಳು. "ನಾಳೆ ಬನ್ನಿ."

ಅವನು ಬಂದ. ಹಾಲ್ ತುಂಬಿತ್ತು. ರಂಜಿತ ನಡುವೆ ನಿಂತಳು.

"ಎಲ್ಲರೂ ಕೇಳಿ! ಇವರನ್ನ ನಾನು ಸುಳ್ಳ ಅಂದಿದ್ದೆ. ಇವರು ಬೀಡಿ ನಿಜವಾಗ್ಲೂ ಬಿಟ್ಟಿದ್ರು. ಕಡ್ಡಿಪುಡಿ, ಗುಟ್ಕಾನೂ ಬಿಡಬೇಕು ಅಂತ ನಾನೇ ಹೇಳಿರಲಿಲ್ಲ. ತಪ್ಪು ನಂದು! ನಿಮ್ಮಲ್ಲಿ ಯಾರ‍್ಯಾರು ಬಾಯಿಗೆ ಹಾಕ್ತೀರೋ..."

ಇಬ್ಬರು ಅಜ್ಜಿಯರು ಮೆಲ್ಲಗೆ ಸೆರಗಿನ ಗಂಟು ಮುಚ್ಚಿಕೊಂಡರು.

"ಸಾಕು ಬಿಡ್ರೀ, ಕಿವಿ ತೂತಾಗ್ತದೆ," ಎಂದ ಮುನಿರಾಜ್. ದನಿ ಒದ್ದೆಯಾಗಿತ್ತು.

ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಂಡೇಜು ಬಿಚ್ಚುತ್ತಾ ಅವಳು ತಲೆಯೆತ್ತಲಿಲ್ಲ.

"ಬೀಡಿ ಯಾಕೆ ಬಿಟ್ರಿ? ನಾನು ಬೈದೆ ಅಂತಾನಾ?"

"ಹತ್ರ ಬಂದಾಗ ನೀವು ಮೂಗು ಮುಚ್ಕೊಳ್ತಿದ್ರಿ. ಅದಕ್ಕೆ."

"ಕಾಲಿಗೋಸ್ಕರ ಅಲ್ವಾ?"

"ಕಾಲಿಗೋಸ್ಕರ ಆಗಿದ್ರೆ ಕಿರುಬೆರಳು ಹೋದಾಗ್ಲೇ ಬಿಡ್ತಿದ್ದೆ."

ಅವಳ ಕೈ ನಿಂತಿತು. ಕಣ್ಣೀರು ಗ್ಲೌಸಿನ ಮೇಲೆ ಬಿತ್ತು.

"ರಂಜಿತ... ಈ ಕಾಲು ಉಳೀದೇ ಹೋದ್ರೆ?"

"ಉಳೀದಿದ್ರೂ ಬೈಯೋಕೆ ಬರ್ತೀನಿ."

"ದಿನಾನೂ?"

"ದಿನಾನೂ. ಈಗ ಕಾಲು ಅಲ್ಲಾಡಿಸ್ಬೇಡ, ಸುಮ್ನೆ ಕೂತ್ಕೋ."

ಅವಳು ಮೊದಲ ಸಲ ಏಕವಚನದಲ್ಲಿ ಮಾತಾಡಿದ್ದು ಇಬ್ಬರಿಗೂ ತಿಳಿಯಿತು. ಅವನು ಕಾಲು ಅಲ್ಲಾಡಿಸಲಿಲ್ಲ.

ಕಡ್ಡಿಪುಡಿಯೂ ಬಿಟ್ಟ ಮೇಲೆ ಡ್ರಿಪ್ ಶುರುವಾಯಿತು. ಹೆಬ್ಬೆರಳು ಉಳಿಯುತ್ತದೋ ಇಲ್ಲವೋ, ಡಾಕ್ಟರೂ ಹೇಳುತ್ತಿಲ್ಲ. ರಂಜಿತಳ ಮನೆಯವರು ಏನನ್ನುತ್ತಾರೋ, ಅವನಿಗೆ ಮತ್ತೆ ಬೀಡಿಯ ಆಸೆ ಹುಟ್ಟಿದರೆ ಏನೋ... ಅದೊಂದೂ ನನಗೆ ಗೊತ್ತಿಲ್ಲ.