ಮಳವಳ್ಳಿಗೆ ಹೋಗ್ತೀನಿ ಅಂದವನು

ಮಂಡ್ಯದ ಆಸ್ಪತ್ರೆಯ ಒಳಗೆ ಕಾಲಿಟ್ಟ ನಾಗಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು.

ನರ್ಸ್ ವೀಣ ಎದುರು ಕೈಕಟ್ಟಿ ನಿಂತಿದ್ದವನು ಅವಳ ಗಂಡ ಶಿವರಾಮು. ಬೆಳಿಗ್ಗೆ 'ಮಳವಳ್ಳಿಗೆ, ಅಕ್ಕನ ಮನೆಗೆ ಓಯ್ತೀನಿ' ಅಂತ ಹೇಳಿ ಹೊರಟವನು!

"ನೀವು... ಇಲ್ಲಿ?"

ಶಿವರಾಮು ಬೆಚ್ಚಿ ತಿರುಗಿದ. "ನೀನು ಹೊಲಿಗೆ ದಾರ ತರಕ್ಕೆ ಮದ್ದೂರಿಗೆ ಓಯ್ತೀನಿ ಅಂದಿದ್ದಲ್ಲ?"

ಇಬ್ಬರ ಸುಳ್ಳೂ ಒಂದೇ ಗಳಿಗೆಯಲ್ಲಿ ಬಯಲಾಗಿತ್ತು.

ಮೂರು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ, ಎಚ್‌ಐವಿ ಮಾತ್ರೆಯ ಸಾಲಿನಲ್ಲಿ ಅವರಿಬ್ಬರ ಪರಿಚಯವಾದದ್ದು. ಅವಳ ಮೊದಲ ಗಂಡ, ಅವನ ಮೊದಲ ಹೆಂಡತಿ ತೀರಿಹೋಗಿದ್ದರು. ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ ಎಂಬ ಧೈರ್ಯದಲ್ಲೇ ಮದುವೆಯಾಗಿದ್ದರು.

ಆದರೆ ನಾಗಶ್ರೀ ಈಗ ಮುಚ್ಚಿಟ್ಟಿದ್ದಳು.

ಮೂರು ವಾರದ ಹಿಂದೆ ವೀಣ ಅವಳನ್ನು ಕೂರಿಸಿಕೊಂಡು, "ಎಚ್‌ಐವಿ ಇರೋ ಹೆಂಗಸರಿಗೆ ಗರ್ಭಕೋಶದ ಬಾಯಿ ಕ್ಯಾನ್ಸರ್ ಬರೋ ಭಯ ಜಾಸ್ತಿ. ಪರೀಕ್ಷೆ ಮಾಡಿಸ್ಕೊಳ್ಳಿ," ಅಂದಿದ್ದರು. ಪರೀಕ್ಷೆಯಲ್ಲಿ ಬಿಳಿ ಕಲೆ ಕಂಡಿತ್ತು. ಡಾಕ್ಟರು ಅವತ್ತೇ ಬಿಸಿ ತಾಗಿಸಿ ಅದನ್ನು ಸುಟ್ಟು, ಒಂದು ತಿಂಗಳು ಗಂಡ ಹೆಂಡತಿ ಸೇರಬೇಡಿ ಅಂದಿದ್ದರು. ಸೊಂಟನೋವಿನ ನೆಪ ಹೇಳಿ ಅವಳು ಬೇರೆ ಮಲಗುತ್ತಿದ್ದಳು. ಸುಟ್ಟ ಜಾಗದಿಂದ ಇನ್ನೂ ನೀರು ಹೋಗುತ್ತಿದೆಯಲ್ಲ ಎಂದು ಕೇಳಲು ಇವತ್ತು ಬಂದಿದ್ದಳು.

ಎಂಟು ದಿನದಿಂದ ಅವನೂ ಬದಲಾಗಿದ್ದ. ಊಟ ಅರ್ಧಕ್ಕೇ ಬಿಡುತ್ತಿದ್ದ. ಫೋನ್ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದ. ಅವಳು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದ.

ಇವರಕ್ಕ ಇವರಿಗೆ ಬೇರೆ ಹೆಣ್ಣು ನೋಡ್ತಿದ್ದಾರಾ? ಅದಕ್ಕೇ ಇಲ್ಲಿಗೆ ಬಂದು ನನ್ನ ಗುಟ್ಟು ಕೆದಕ್ತಿದ್ದಾರಾ? ಬಿಟ್ಟುಹೋಗೋಕೆ ಕಾರಣ ಬೇಕಲ್ಲ...

"ಇವರಿಗೆ ಏನೇನು ಹೇಳಿದ್ರಿ ಮೇಡಂ?" ಅವಳ ದನಿ ಒರಟಾಗಿತ್ತು.

"ನಿಮ್ಮ ವಿಷಯ ಒಂದಕ್ಷರ ಹೇಳಿಲ್ಲ ಕಣಮ್ಮ. ಬೆಳಗಿಂದ ಕೇಳ್ತಾನೇ ಅವ್ರೆ. ನೀವೇ ಮಾತಾಡ್ಕೊಳ್ಳಿ," ಎಂದು ವೀಣ ಹೊರಗೆ ಹೋದರು.

"ನಿಮ್ಮಕ್ಕ ಬೇರೆ ಹೆಣ್ಣು ಗೊತ್ತು ಮಾಡಿದ್ರಾ?"

"ಯಾವ ಹೆಣ್ಣು?" ಶಿವರಾಮು ಕಕ್ಕಾಬಿಕ್ಕಿಯಾದ. "ನಿನ್ ಮಾತ್ರೆ ಡಬ್ಬೀಲಿ ಆಸ್ಪತ್ರೆ ಚೀಟಿ ನೋಡ್ದೆ. ಕ್ಯಾನ್ಸರ್ ಅಂತ ಬರ್ದಿತ್ತು. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ಕಣೇ. ಗೊತ್ತಿರೋರ್ಗೆಲ್ಲ ಫೋನ್ ಮಾಡಿ ಒಳ್ಳೆ ಡಾಕ್ಟ್ರು ಯಾರವ್ರೆ ಅಂತ ಕೇಳ್ತಿದ್ದೆ."

ಅವಳು ಅಷ್ಟು ಸುಲಭಕ್ಕೆ ನಂಬಲಿಲ್ಲ. "ನನ್ನೇ ಕೇಳಬೋದಿತ್ತಲ್ಲ."

"ನೀನು ಹೂಂ ಅಂದ್ಬುಟ್ರೆ?" ಅವನ ಕಣ್ಣು ತುಂಬಿತು. "ಒಬ್ಬಳನ್ನ ಕಳ್ಕೊಂಡಿದ್ದೀನಿ. ಅದೂ ಅಲ್ದೆ... ನನ್ನಿಂದ್ಲೇ ಬಂತೇನೋ ಅಂತ."

ನಾಗಶ್ರೀಯ ಸಿಟ್ಟು ಜರ್ರನೆ ಇಳಿಯಿತು. ಇಷ್ಟು ದಿನ ಹಿತ್ತಿಲಲ್ಲಿ ಇವನು ಒಬ್ಬನೇ ಬೇಯುತ್ತಿದ್ದನಲ್ಲ!

"ಅದು ಕ್ಯಾನ್ಸರ್ ಪರೀಕ್ಷೆ ಚೀಟಿ. ಕ್ಯಾನ್ಸರ್ ಅಲ್ಲ, ಒಂದು ಬಿಳಿ ಕಲೆ ಅಷ್ಟೇ. ಹಾಗೇ ಬಿಟ್ಟಿದ್ರೆ ಮುಂದೆ ಆಗ್ತಿತ್ತೇನೋ. ಈಗ ಸುಟ್ಟವ್ರೆ. ಗಂಡು ಹೆಣ್ಣು ಸೇರಿದಾಗ ಹರಡೋ ಒಂದು ವೈರಸ್ಸಿಂದ ಬರೋದಂತೆ, ಆದ್ರೆ ಅದು ಯಾರಿಂದ, ಯಾವಾಗ ಬಂತು ಅಂತ ಯಾರೂ ಹೇಳಕ್ಕಾಗಲ್ವಂತೆ. ಇನ್ನೊಂದು ವರ್ಷಕ್ಕೆ ಮತ್ತೆ ಪರೀಕ್ಷೆಗೆ ಬರ್ಬೇಕು, ಅಷ್ಟೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಇವಳದು ಇನ್ನೊಂದು ಕಾಯಿಲೆ ಅಂತ ಬೇಜಾರಾಗಿ ಹೋಗ್ಬಿಡ್ತೀರೇನೋ ಅಂತ..."

ಅಷ್ಟರಲ್ಲಿ ವೀಣ ಬಂದು ಅವಳನ್ನು ಒಳಗೆ ಕರೆದೊಯ್ದು ನೋಡಿದರು. ನೀರು ಹೋಗುವುದು ಇನ್ನೊಂದು ವಾರದಲ್ಲಿ ನಿಲ್ಲುತ್ತದೆ, ಎಲ್ಲಾ ಸರಿಯಾಗಿದೆ ಎಂದರು. ಹೊರಗೆ ಬಂದಾಗ ಶಿವರಾಮು ಬಾಗಿಲಿಗೇ ಅಂಟಿಕೊಂಡು ನಿಂತಿದ್ದ.

"ಇನ್ನೂ ನನ್ ಮೇಲೆ ಅನುಮಾನ ಅದಾ?"

"ಸ್ವಲ್ಪ ಅದೆ."

"ಇರ್ಲಿ ಬುಡು. ಅದು ಓಗೋವರ್ಗೂ ನಿನ್ ಜೊತೇಲೆ ಬತ್ತೀನಿ."

"ಹೋದ್ಮೇಲೆ?"

"ಆಮೇಲೂವೆ."